ಬಿಸಿಲು ತಿಂದ ಬಣ್ಣ

2024ರ ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಠಾಣೆಗೆ ಬಂದ ದೂರು ಯಾವ ಲೆಕ್ಕಕ್ಕೂ ಸೇರುವಂಥದ್ದಾಗಿರಲಿಲ್ಲ. ಕಾರು ಕಳುವಾಗಿರಲಿಲ್ಲ. ಗಾಜು ಒಡೆದಿರಲಿಲ್ಲ. ಗಾಲಿಯ ಗಾಳಿಯನ್ನೂ ಯಾರೂ ಬಿಟ್ಟಿರಲಿಲ್ಲ. ಯಾರೋ ಕಾರಿಗೆ ಬಣ್ಣ ಹಚ್ಚಿ ಹೋಗಿದ್ದರು, ಅದೂ ಬಲು ಚೆಂದವಾಗಿ.

ಹೆಡ್ ಕಾನ್‌ಸ್ಟೇಬಲ್ ಸಿದ್ಧಾರೂಢನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಎಮ್ಮೆ ಕದ್ದವರನ್ನು ಹಿಡಿದಿದ್ದ, ಮೋಟರ್ ಪಂಪ್ ಕದ್ದವರನ್ನು ಹಿಡಿದಿದ್ದ. ಪುಕ್ಕಟೆ ಬಣ್ಣ ಹಚ್ಚಿದವನನ್ನು ಹಿಡಿಯಲು ಯಾರೂ ಕೇಳಿರಲಿಲ್ಲ.

"ಅಲ್ಲೋ ಸಾಜಿದ್, ಪುಣ್ಯಾತ್ಮ ಕೂಲಿನೂ ಕೇಳದ ಹಚ್ಚಿ ಹೋಗ್ಯಾನ. ಅವಗ ಹುಡುಕಿ ಚಾ ಕುಡಸೋದ್ ಬಿಟ್ಟ್ ಕಂಪ್ಲೇಂಟ್ ಕೊಡಾಕ ಬಂದೀಯಲ್ಲ."

ಸಂಪಗಾಂವ ರಸ್ತೆಯ ಗ್ಯಾರೇಜಿನ ಸಾಜಿದ್ ನಗಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. "ನನ್ನ ಎರಡ ವರ್ಷ ಮಣ್ಣಾತ್ರಿ ಹವಾಲ್ದಾರ್ರ," ಎಂದ.

ಒಳಗಿನಿಂದ ಪಿಎಸ್ಐ ನಾಗರತ್ನಾ ಹೊರಗೆ ಬಂದರು. ರಾಮದುರ್ಗದ ಹೆಣ್ಣುಮಗಳು, ಈ ಠಾಣೆಗೆ ಬಂದು ಆರು ತಿಂಗಳಾಗಿತ್ತು. ಮಾತು ಕಡಿಮೆ. "ಕುಂಡ್ರ್ರಿ. ಮೊದಲಿಂದ ಹೇಳ್ರಿ," ಎಂದರು.

ಸಾಜಿದ್ ಹೇಳಿದ. ಅದೊಂದು ಐವತ್ತರ ದಶಕದ ಡಾಡ್ಜ್ ಕಾರು. ಮುರಗೋಡದ ಡಾಕ್ಟರೊಬ್ಬರದು, ಅವರು ತೀರಿಕೊಂಡು ವರ್ಷಗಳಾಗಿದ್ದವು. ಹುಲ್ಲಿನ ಬಣವೆಯ ಹಿಂದೆ ಬಿದ್ದಿದ್ದ ಅದನ್ನು ಸಾಜಿದ್ ತಂದು ಹಾಟ್ ರಾಡ್ ಮಾಡುತ್ತಿದ್ದ.

"ಹಂಗಂದ್ರ?"

"ಹಳೇ ಗಾಡಿಗಿ ದೊಡ್ಡ ಎಂಜಿನ್ ಕುಂಡ್ರಸೋದ್ರಿ. ಮುಂದಿನ ಮಡಗಾರ್ಡ್ ತಗದು, ಹಿಂದ ದಪ್ಪ ಗಾಲಿ ಹಾಕಿ, ನೆಲಕ್ಕ ಇಳಸೋದು. ಆದ್ರ ಮೈಮ್ಯಾಲಿನ ಹಳೇ ಕಳೆ ಮುಟ್ಟಬಾರದು. ಸುಲಿದ ಬಣ್ಣ, ತುಕ್ಕು, ಎಲ್ಲಾ ಇದ್ದಂಗ ಇರಬೇಕು."

ಅದಕ್ಕಾಗಿ ಅವನು ಪಟ್ಟ ಪಾಡು ಕೇಳಿ ಸಿದ್ಧಾರೂಢನಿಗೆ ಮತ್ತೆ ನಗು ಬಂತು. ಮೈಯನ್ನು ಸೋಪಿನ ನೀರಿನಲ್ಲಿ ಮೆಲ್ಲಗೆ ತೊಳೆದಿದ್ದ. ಅಗಸಿ ಎಣ್ಣೆಯನ್ನು ಅರಿವೆಗೆ ಹಾಕಿ ವಾರಗಟ್ಟಲೆ ತಿಕ್ಕಿದ್ದ. ಹೊಸ ತಗಡು ಬೆಸೆದ ಕಡೆ ಉಪ್ಪುನೀರು ಚಿಮುಕಿಸಿ, ಹಳೆಯದಕ್ಕೆ ಹೊಂದುವಂತೆ ತುಕ್ಕು ಹಿಡಿಸಿದ್ದ. ಬರುವ ಭಾನುವಾರ ಕಿತ್ತೂರಿನಲ್ಲಿ ಹಳೇ ಗಾಡಿಗಳ ಪ್ರದರ್ಶನವಿತ್ತು.

"ಆ ಬಣ್ಣ ಕೆಡಿಸಿದಾಂವ ನಮ್ಮಜ್ಜನ ರೀ," ಎಂದ ಸಾಜಿದ್. "ಬುರಾನಸಾಬ ಅಂತ, ಡಾಕ್ಟರ್ ಕಡೆ ಡ್ರೈವರ್ ಇದ್ದ. ಬಿಸಿಲಾಗ ನಿಲ್ಲಿಸಿ ನಿಲ್ಲಿಸಿ ಬಣ್ಣ ಸುಲಿಸಿದ, ನೌಕರಿ ಕಳಕೊಂಡ. ಈ ಗಾಡಿದೊಂದು ವಿಡಿಯೋ ಮಾಡಿ ಮೊಬೈಲಿನ್ಯಾಗ ಬಿಟ್ಟೇನಿ, ಅದರಾಗ ಇದನ್ನ ಹೇಳೇನಿ. ಮಂದಿ ಭಾಳ ನಕ್ಕಾರ."

ಆ ವಿಡಿಯೋ ಸಿದ್ಧಾರೂಢನೂ ನೋಡಿದ್ದ. ತಿಂಗಳ ಹಿಂದೆ ಮನೆಯಲ್ಲಿ ಅಪ್ಪನಿಗೂ ತೋರಿಸಿದ್ದ.

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 331(1) ಮತ್ತು 324: ಅತಿಕ್ರಮವಾಗಿ ಒಳಹೊಕ್ಕಿದ್ದು, ಸ್ವತ್ತಿಗೆ ಹಾನಿ ಮಾಡಿದ್ದು. ಆರೋಪಿ ಯಾರೆಂಬುದು ಗೊತ್ತಿಲ್ಲ.

11 ಗಂಟೆ 15ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಸಾಜಿದ್ ಭಾನುವಾರ ಮನೆಮಂದಿಯೊಂದಿಗೆ ಸವದತ್ತಿಗೆ ಮದುವೆಗೆ ಹೋಗಿದ್ದ. ಶೆಡ್ಡಿನ ಕೀಲಿ ಹಾಗೇ ಇತ್ತು. ಬಂದವನು ಚಿಲಕದ ಸ್ಕ್ರೂ ಬಿಚ್ಚಿ ಒಳಗೆ ಹೋಗಿ, ಕೆಲಸ ಮುಗಿಸಿ, ಸ್ಕ್ರೂಗಳನ್ನು ಮತ್ತೆ ಬಿಗಿಮಾಡಿ ಹೋಗಿದ್ದ. ಇಷ್ಟು ಅಚ್ಚುಕಟ್ಟಾದ ಕಳ್ಳನನ್ನು ನಾಗರತ್ನಾ ನೋಡಿರಲಿಲ್ಲ.

ಕಾರು ಆಕಾಶನೀಲಿ ಬಣ್ಣದಲ್ಲಿ ಮಿಂಚುತ್ತಿತ್ತು. ಬ್ರಷ್ಷಿನ ಗೀರು ಒಂದೂ ಎದ್ದು ಕಾಣುತ್ತಿರಲಿಲ್ಲ. ಪಕ್ಕೆಯುದ್ದಕ್ಕೂ ಒಂದು ಬಿಳಿ ಗೆರೆ, ದಾರದಷ್ಟು ಸಣ್ಣದು, ಕೊನೆಯಲ್ಲಿ ಮೀನಿನ ಗಾಳದಂತೆ ಒಂಚೂರು ಬಾಗಿತ್ತು.

ಸಿದ್ಧಾರೂಢನ ನಗು ಅಲ್ಲೇ ನಿಂತುಹೋಯಿತು. ಆ ಗೆರೆಯನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಟಾಂಗಾಗಳ ಮೇಲೆ, ಲಾರಿಗಳ ಮೇಲೆ, ತಮ್ಮ ಮನೆಯ ಟ್ರಂಕಿನ ಮೇಲೆ. ಕಿರುಬೆರಳನ್ನು ತಗಡಿನ ಅಂಚಿಗೆ ಆನಿಸಿ, ಉಸಿರು ಹಿಡಿದು, ಒಂದೇ ಎಳೆತಕ್ಕೆ ಎಳೆಯುವ ಆ ಎಡಗೈ ಅವನ ಅಪ್ಪ ಶಟ್ಟೆಪ್ಪನದು. ಈಗ ಎಪ್ಪತ್ನಾಲ್ಕು ವರ್ಷ, ಮಗನ ಜೊತೆ ಸಂಪಗಾಂವದಲ್ಲೇ ಇದ್ದ.

"ಟೇಪ್ ಹಚ್ಚದ ಎಳದಾನ," ಎಂದರು ನಾಗರತ್ನಾ ಬಗ್ಗಿ ನೋಡುತ್ತ. "ನಿಮಗ ಯಾರ ಮ್ಯಾಲರ ಸಂಶಯ ಐತೇನು?"

"ಎದುರಿನ ಪೇಂಟರ್ ಸಂಜು ಜಗಳಾ ತಗದಿದ್ದ್ರಿ," ಎಂದ ಸಾಜಿದ್. "ತುಕ್ಕ ಹಿಡದ ಗಾಡಿ ಮೆರಸಾಕ ಹತ್ತೀರಿ, ನಮ್ಮ ಕಸುಬಿನ ಮರ್ಯಾದಿ ಕಳೀತೀರಿ ಅಂದ. ಒಂದಿನಾ ನಾನ ಹಚ್ಚಿಬಿಡತೇನಿ ಅಂತನೂ ಅಂದ."

ನಾಗರತ್ನಾ ಸಿದ್ಧಾರೂಢನತ್ತ ತಿರುಗಿದರು. "ಈ ಊರು ನಿಮಗ ಗೊತ್ತು. ಸಂಜುಗ ಇಂಥಾ ಗೆರಿ ಎಳ್ಯಾಕ ಬರತೈತೇನ್ರಿ?"

ಸಂಜುವಿಗೆ ಬರುವುದಿಲ್ಲವೆಂದು ಸಿದ್ಧಾರೂಢನಿಗೆ ಚೆನ್ನಾಗಿ ಗೊತ್ತಿತ್ತು. ಸಂಜು ಸ್ಪ್ರೇ ಹೊಡೆಯುವವನು, ಟೇಪ್ ಇಲ್ಲದೆ ಸೈಕಲ್ಲಿಗೂ ಗೆರೆ ಎಳೆದವನಲ್ಲ.

"ಬರಬಹುದ್ರಿ," ಎಂದ ಸಿದ್ಧಾರೂಢ.

ಅಷ್ಟೇ. ಸುಳ್ಳು ಅಂತೂ ಅಲ್ಲ, ನಿಜ ಅಂತೂ ಮೊದಲೇ ಅಲ್ಲ. ಹೇಳಿದ ಕೂಡಲೇ ಅವನ ಕಿವಿ ಬಿಸಿಯಾದವು.

ಅದಕ್ಕಿಂತ ಕೀಳಾದದ್ದು 12 ಗಂಟೆ 30ಕ್ಕೆ ನಡೆಯಿತು. ಶೆಡ್ಡಿನ ಪಕ್ಕದ ಚಹಾದಂಗಡಿಯ ಕೃಷ್ಣವ್ವನ ಹೇಳಿಕೆ ಬರೆದುಕೊಳ್ಳಲು ಮೇಡಂ ಅವನನ್ನೇ ಕಳಿಸಿದರು.

"ನಿನ್ನಿ ಯಾರನರ ನೋಡ್ದೇನ್ ಬೇ?"

"ನೋಡ್ದೆ ತಗೋ. ಒಬ್ಬ ಮುದುಕಪ್ಪ ಮುಂಜಾನಿಂದ ಸಂಜೀತನಾ ಬಣ್ಣಾ ಹಚ್ಚಾಕತ್ತಿದ್ದ. ಸಾಜಿದ್ ಹೇಳಿರಬೇಕ್ ಅಂದ್ಕೊಂಡೆ. ಬಣ್ಣಾ ಹಚ್ಚಾವಗ ಯಾಕ ಹಚ್ಚಾಕತ್ತೀ ಅಂತ ಯಾರ್ ಕೇಳತಾರಪಾ? ಎರಡ ಸಲ ಚಾ ಕೊಟ್ಟೆ. ಎಡಚ ಅದಾನ, ಎಡಗೈಲೆ ಕಪ್ಪ್ ಹಿಡದ."

ಸಿದ್ಧಾರೂಢ ಬರೆದ: 'ಸದರಿ ದಿನ ನಾನು ಯಾರನ್ನೂ ನೋಡಿರುವುದಿಲ್ಲ.' ಕೃಷ್ಣವ್ವನಿಗೆ ಓದು ಬರುತ್ತಿರಲಿಲ್ಲ. ಅವನು ಓದಿ ಹೇಳಲೂ ಇಲ್ಲ. ಅವಳು ಕೊಟ್ಟ ಚಹಾವನ್ನು ಮಾತ್ರ ಕುಡಿದ, ಬೇಡವೆಂದರೆ ಅನುಮಾನ ಬಂದೀತೆಂದು.

ಮಧ್ಯಾಹ್ನ 3 ಗಂಟೆಗೆ ಸಂಜುವನ್ನು ಜೀಪಿನಲ್ಲಿ ಕರೆತಂದರು. ಪೇಟೆಯ ಮಂದಿಯೆಲ್ಲ ನೋಡಿದರು.

"ಐತವಾರ ಎಲ್ಲಿದ್ದಿ?"

"ಮನ್ಯಾಗ ಜ್ವರಾ ಬಂದ್ ಮಲಗಿದ್ದೆ ರೀ ಮೇಡಂ."

"ಯಾರ್ ನೋಡ್ಯಾರ?"

"ಹೇಣ್ತಿ ತವರಿಗಿ ಹೋಗಿದ್ದಳ್ರಿ. ಯಾರೂ ಇಲ್ಲ."

"ಹಚ್ಚತೇನಿ ಅಂತ ಅಂದಿದ್ದೆಲ್ಲೋ?"

"ಸಿಟ್ಟೀಲೆ ಅಂದಿದ್ದೆ ರೀ." ಸಂಜು ಸಿದ್ಧಾರೂಢನ ಕಡೆ ನೋಡಿದ. "ಹವಾಲ್ದಾರ್ರ, ನೀವರ ಹೇಳ್ರಿ. ನನ್ನ ಕೆಲಸ ನೀವ್ ನೋಡೀರಿ. ನನಗ ಕೈಲೆ ಗೆರಿ ಎಳ್ಯಾಕ ಬರತೈತೇನ್ರಿ?"

ಸಿದ್ಧಾರೂಢ ಕಡತದಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ.

ಆ ಸಂಜೆ ಮನೆಯಲ್ಲಿ ಅಪ್ಪ-ಮಗ ಎದುರುಬದುರು ಕುಳಿತು ರೊಟ್ಟಿ ತಿಂದರು. ಶಟ್ಟೆಪ್ಪನ ಉಗುರುಸಂದಿಯಲ್ಲಿ ನೀಲಿ ಇತ್ತು. ಮಗ ಅದನ್ನು ನೋಡಿದ. ಮಗ ನೋಡಿದ್ದನ್ನು ಅಪ್ಪನೂ ನೋಡಿದ. "ಪಲ್ಯೆಕ್ಕ ಉಪ್ಪ್ ಕಡಿಮಿ ಆಗೇತಿ," ಎಂದ ಅಪ್ಪ. "ಹೂಂ," ಎಂದ ಮಗ. ಮನೆಯೊಳಗೆ ಅಷ್ಟೇ ವಿಚಾರಣೆ ನಡೆದದ್ದು.

ಮಂಗಳವಾರ ಬೆಳಿಗ್ಗೆ 8 ಗಂಟೆ 30. ರಾತ್ರಿಯೆಲ್ಲ ಠಾಣೆಯಲ್ಲೇ ಇಟ್ಟುಕೊಂಡಿದ್ದ ಸಂಜುವಿನ ದಸ್ತಗಿರಿ ಕಾಗದ ತಯಾರಾಗುತ್ತಿತ್ತು. ಹತ್ತೂವರೆಗೆ ಕೋರ್ಟಿಗೆ ಒಯ್ಯಬೇಕು. ಠಾಣೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಬಾಯವ್ವ ಡಬ್ಬಿ ಹಿಡಿದು ಕುಳಿತಿದ್ದಳು, ತವರಿನಿಂದ ಮೊದಲನೇ ಬಸ್ಸಿಗೆ ಬಂದಿದ್ದಳು. ಸಿದ್ಧಾರೂಢನನ್ನು ಕಂಡು ಎದ್ದು ನಿಂತಳು.

"ಅಣ್ಣಾರ, ನಿಮ್ಮ ಕಾಲ್ ಬೀಳತೇನ್ರಿ. ಇನ್ನ ಯಾರ್ ಅವರ ಕೈಯಾಗ ಗಾಡಿ ಕೊಡತಾರ? ಗ್ಯಾರೇಜ್ ಹೊಕ್ಕಾಂವ ಅನ್ನಸ್ಕೊಂಡ್ರ ಮುಗೀತು."

ಅಣ್ಣಾ ಎನ್ನಿಸಿಕೊಂಡ ಅವನಿಗೆ ಮೈಮೇಲಿನ ಖಾಕಿ ಚುಚ್ಚಿತು. ಸೀದಾ ಒಳಗೆ ಹೋಗಿ ನಾಗರತ್ನಾ ಅವರ ಟೇಬಲ್ಲಿನೆದುರು ನಿಂತ.

"ಮೇಡಂ, ಆ ಗೆರಿ ನಮ್ಮಪ್ಪಂದ್ರಿ."

ಅವರು ಬರೆಯುವುದನ್ನು ನಿಲ್ಲಿಸಿದರು.

"ಯಾವಾಗ ಗೊತ್ತಾತು?"

"ನಿನ್ನಿ. ಪಂಚನಾಮಿ ಟೈಮಿಗಿನ."

"ಕೃಷ್ಣವ್ವನ ಹೇಳಿಕಿ?"

"ನಾ ಸುಳ್ಳ ಬರದೇನ್ರಿ. ಆಕಿ ಅವನ್ನ ನೋಡ್ಯಾಳ."

ನಾಗರತ್ನಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇದನ್ನೆಲ್ಲಾ ನಿಮ್ಮ ಕೈಲೇ ಬರದ ಕೊಡ್ರಿ," ಎಂದರು. "ನಾ ಮ್ಯಾಲ ರಿಪೋರ್ಟ್ ಕಳಸಬೇಕಾಗತೈತಿ. ಇನ್ನ ಈ ಕೇಸಿನ ಕಾಗದಾ ನೀವು ಮುಟ್ಟಬ್ಯಾಡ್ರಿ."

ಕೃಷ್ಣವ್ವನ ಹೇಳಿಕೆಯನ್ನು ಅವರೇ ಹೋಗಿ ಮತ್ತೆ ಬರೆದುಕೊಂಡರು. 11 ಗಂಟೆ 20ಕ್ಕೆ ಸಂಪಗಾಂವದ ಮನೆಯಲ್ಲಿ ಪಂಚರ ಸಮಕ್ಷಮ ಎರಡು ಬ್ರಷ್, ಒಂದು ನೀಲಿ ಡಬ್ಬಿ, ಒಂದು ಸ್ಕ್ರೂಡ್ರೈವರ್ ಜಪ್ತಾದವು. ಶಟ್ಟೆಪ್ಪ ಅಂಗಿ ತೊಟ್ಟು, ಟೊಪ್ಪಿಗೆ ಹಾಕಿಕೊಂಡು ಸಿದ್ಧನಾಗಿಯೇ ಕುಳಿತಿದ್ದ. ಜೀಪಿನವರು ಬರುವುದು ತಡವಾಯಿತೆಂಬಂತೆ ಎದ್ದು ನಡೆದ.

ಠಾಣೆಯಲ್ಲಿ ಸಾಜಿದ್ ಇದ್ದ. ಸಿದ್ಧಾರೂಢ ಬಾಗಿಲ ಬಳಿ ನಿಂತಿದ್ದ. ಅವನಿಗೆ ಕೂಡಲು ಯಾರೂ ಹೇಳಲಿಲ್ಲ.

"ಯಾಕ್ ಹಚ್ಚಿದ್ರಿ ಅಜ್ಜಾರ?" ಎಂದು ಕೇಳಿದರು ನಾಗರತ್ನಾ.

"ಅದು ಮೊದಲೂ ನಾನ ಹಚ್ಚಿದ ಬಣ್ಣ ಐತಿ ತಾಯಿ. ಎಪ್ಪತ್ತಾರನೇ ಇಸವಿ. ತುಕ್ಕ ಪೂರಾ ಕೆರದು, ಅದು ಮತ್ತ ಹಿಡೀಬಾರದಂತ ರೆಡ್ ಆಕ್ಸೈಡ್ ಹಚ್ಚಿ, ಅದು ಆರಿದ ಮ್ಯಾಲ ಬಣ್ಣಾ ಏರಸಬೇಕು. ಎಂಟು ದಿನದ ಕೆಲಸ. ಆ ವಾರ ನನ್ನ ಲಗ್ನ ಇತ್ತು. ಕೆರೀದ, ತುಕ್ಕಿನ ಮ್ಯಾಲನ ಹಚ್ಚಿ ಮೂರು ದಿನದಾಗ ಕೊಟ್ಟೆ. ಎಲ್ಲಾ ಪದ್ಧತಸೀರ ಮಾಡೇನಿ ಅಂತ ಡಾಕ್ಟರ್ ಮುಂದ ಆಣಿ ಮಾಡ್ದೆ."

"ಆಮ್ಯಾಲ?"

"ಎರಡ ವರ್ಷಕ್ಕ ಸುಲಿತು. ಬಿಸಿಲಾಗ ನಿಲ್ಲಿಸ್ಯಾನ ಅಂತ ಡಾಕ್ಟರ್ ಬುರಾನಸಾಬಗ ನೌಕರಿ ಬಿಡಿಸಿದ್ರು. ಅಂವ ನನ್ನ ಕಡೆ ಬಂದ. ನಿನ್ನ ಕೆಲಸ ಕೆಟ್ಟೈತಿ ಅನ್ನಲಿಲ್ಲ. ನಾ ದಿನಾ ನೆರಳಾಗ ನಿಲ್ಲಸತಿದ್ದೆ, ನೀ ನೋಡೀದಿ, ಅಷ್ಟ ಬಂದ್ ಹೇಳು ಅಂದ. ನಾ ಬ್ರಷ್ ತೊಳಕೋತ ಕುಂತೆ. ಅಂವ ಭಾಳ ಹೊತ್ತ ನಿಂತು ಹೋದ."

ಸಾಜಿದ್ ಗೋಡೆಗೆ ಆತುಕೊಂಡ.

"ವಿಡಿಯೋದಾಗ ಮಮ್ಮಗ ಅವನ ಹೆಸರ ಹೇಳಿ ನಗಾಕತ್ತಿದ್ದ," ಎಂದ ಶಟ್ಟೆಪ್ಪ. "ಊರ ಮಂದಿ ನಕ್ಕರು. ನನ್ನ ಮಗನೂ ನಕ್ಕ. ಇನ್ನ ಕಿತ್ತೂರಾಗ ನಿಲ್ಲಿಸಿ ಎಲ್ಲಾರಿಗೂ ಹೇಳತಾರ ಅಂತ ತಿಳೀತು. ತಡಕೊಳ್ಳಾಕ ಆಗಲಿಲ್ಲ."

"ಸಾಜಿದ್ ಹಂತ್ಯಾಕ ಹೋಗಿ ಖರೇ ಹೇಳಬೇಕಿತ್ತಲ್ರಿ?"

"ನಾಚಿಕಿ ಬಂತು ತಾಯಿ. ಹೇಳೋಕಿಂತ ಹಚ್ಚೋದು ಹಗರ ಅನಸ್ತು."

ನಾಗರತ್ನಾ ಹೇಳಿಕೆಯ ಹಾಳೆ ತಿರುವಿದರು. "ಈ ಸಲನರ ತುಕ್ಕು ಕೆರದ್ರೇನು?"

"ಇಲ್ರಿ," ಎಂದ ಮುದುಕ. "ಒಂದ ದಿನದಾಗ ಆಗಂಗಿಲ್ಲ ಅದು."

ಸಾಜಿದ್ ಗೋಡೆ ಬಿಟ್ಟು ಮುಂದೆ ಬಂದ. "ನಮ್ಮಜ್ಜ ಸಾಯೂತನಾ ನೆರಳಾಗ ನಿಲ್ಲಸತಿದ್ದೆ ಅಂತ ಹೇಳತಿದ್ದ್ರಿ. ನಾವು ಮುದುಕಗ ಅರಳುಮರಳು ಅಂತ ನಗತಿದ್ವಿ." ಕಣ್ಣೊರೆಸಿಕೊಂಡ. "ಕೇಸ್ ನಾ ಹಿಂದ ತಗೊಳ್ಳಂಗಿಲ್ಲ. ನಮ್ಮಜ್ಜಿ ಅಮೀರಬಿ ಇನ್ನಾ ಅದಾಳ. ಇದನ್ನ ಆಕಿ ಮುಂದ ಇವರ ಬಂದ್ ಹೇಳಬೇಕು."

"ಹೇಳತೇನಪಾ," ಎಂದ ಶಟ್ಟೆಪ್ಪ. ಒಂದು ಹನಿ ಕಣ್ಣೀರೂ ಬರಲಿಲ್ಲ.

ಒಂದು ಗಂಟೆಗೆ ಸಂಜುವನ್ನು ಬಿಟ್ಟು ಕಳಿಸಿದರು. "ಸಂಜು, ತಪ್ಪಾತಪಾ," ಎಂದ ಸಿದ್ಧಾರೂಢ. ಸಂಜು ನಿಲ್ಲಲಿಲ್ಲ. ಬಾಯವ್ವ ಮಾತ್ರ ಒಮ್ಮೆ ತಿರುಗಿ ನೋಡಿದಳು, ಇವನೇ ಹೇಳಿ ಬಿಡಿಸಿದನೆಂದು ತಿಳಿದು ಕೈಮುಗಿದಳು. ಅವನಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

2 ಗಂಟೆ 20ಕ್ಕೆ ಶಟ್ಟೆಪ್ಪನ ದಸ್ತಗಿರಿ ದಾಖಲಾಯಿತು. ವಿಷಯ ತಿಳಿಸಿದ ಸಂಬಂಧಿಕರ ಸಹಿಗೆ ಅದರಲ್ಲೊಂದು ಜಾಗವಿರುತ್ತದೆ. ನಾಗರತ್ನಾ ಕಾಗದವನ್ನು ಸಿದ್ಧಾರೂಢನ ಮುಂದೆ ಸರಿಸಿದರು. ಅವನು ಹೆಸರು ಬರೆದ. ಸಂಬಂಧ ಎಂಬಲ್ಲಿ 'ಮಗ' ಎಂದು ಬರೆದ.

"ಇದರಿಂದ ನಿನ್ನ ನೌಕರಿಗಿ ಏನೂ ಆಗಂಗಿಲ್ಲಲ್ಲ?" ಎಂದು ಕೇಳಿದ ಅಪ್ಪ.

"ಆಗತೈತಪ್ಪಾ."

"ಯಾಕ? ಮಾಡಿದಾಂವ ನಾನು."

"ನನಗ ಗೊತ್ತಿತ್ತು. ಸಂಜುಗ ತಂದ್ ಕೂಡ್ಸಿದ್ರೂ ನಾ ಬಾಯಿ ಬಿಡಲಿಲ್ಲ. ಒಂದ ಸುಳ್ಳ ಹೇಳಿಕಿನೂ ಬರದೆ."

ಶಟ್ಟೆಪ್ಪ ಮಗನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಅಳತೊಡಗಿದ.