ಪೋರ್ಟಿಕೋ ಕೆಳಗೆ ಸಿಂಗಾಪುರ

ಟ್ಯಾಬಿನಲ್ಲಿದ್ದ ನಕ್ಷೆಯ ಪ್ರಕಾರ ಪ್ರಮೋದ್ ನಿಂತಿರಬೇಕಾದದ್ದು ಫುಟ್‌ಪಾತ್ ಮೇಲೆ, ಒಂದು ಕೇಬಲ್ ಚೇಂಬರಿನ ಮುಚ್ಚಳದ ಪಕ್ಕ. ಆದರೆ ಅಲ್ಲಿ ಫುಟ್‌ಪಾತೂ ಇರಲಿಲ್ಲ, ಮುಚ್ಚಳವೂ ಇರಲಿಲ್ಲ. ಕಾಂಪೌಂಡ್ ಗೋಡೆ ಇತ್ತು. ಗೋಡೆಯ ಮೇಲೆ ಕಪ್ಪು ಗ್ರಾನೈಟಿನಲ್ಲಿ ಬಂಗಾರದ ಅಕ್ಷರಗಳು: ಚಿಕ್ಕಬೈರಪ್ಪ.

ಸುದ್ದಗುಂಟೆಪಾಳ್ಯದಲ್ಲಿ ಚಿಕ್ಕಬೈರಪ್ಪಂದಿರಿಗೇನು ಬರವೇ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ಗೇಟಿನ ಮೇಲೆ ಒಣಗಲು ಹಾಕಿದ್ದ ಹಳದಿ ರೈನ್‌ಕೋಟ್ ಕಣ್ಣಿಗೆ ಬಿತ್ತು. ಅದರ ಹರಿದ ತೋಳಿಗೆ ಇನ್ಸುಲೇಷನ್ ಟೇಪ್ ಸುತ್ತಿತ್ತು. ಆ ಟೇಪ್ ಸುತ್ತಿದವನು ಅವನೇ.

ಮಧುಶ್ರೀಯ ಮನೆ.

ಅವಳ ಸ್ಕೂಟರಿನಲ್ಲಿ ಎಷ್ಟೋ ಸಲ ಈ ಕಡೆ ಬಂದಿದ್ದ. ಯಾವಾಗಲೂ ಹಿಂದಿನ ತಿರುವಿನಲ್ಲೇ ಇಳಿದುಬಿಡುತ್ತಿದ್ದ. ಮನೆ ಯಾವುದೆಂದು ಕೇಳುವ ಧೈರ್ಯವೂ ಮಾಡಿರಲಿಲ್ಲ.

ಇಬ್ಬರದೂ ಒಂದೇ ಆಫೀಸು, ಜಯನಗರದ ಒಂದು ಸಣ್ಣ ಕಂಪನಿ. ಇಂಟರ್‌ನೆಟ್ ಅಂದರೆ ಗಾಳಿಯಲ್ಲಿ ಬರುವುದು ಎಂದು ಜನ ತಿಳಿದಿದ್ದಾರೆ. ಅದು ಬರುವುದು ಗುಂಡಿಗಳ ಮೂಲಕ. ಸಿಂಗಾಪುರದಿಂದ ಸಮುದ್ರದ ತಳದಲ್ಲಿ ಚೆನ್ನೈಗೆ, ಅಲ್ಲಿಂದ ಹೆದ್ದಾರಿಯ ಪಕ್ಕದಲ್ಲೇ ಹೊಸೂರು ದಾಟಿ ಬೆಂಗಳೂರಿಗೆ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳಲ್ಲಿ. ಆ ಎಳೆಗಳು ನಿಜವಾಗಿ ಎಲ್ಲೆಲ್ಲಿ ಹಾದಿವೆ ಎಂಬುದು ಹಾಕಿದವರಿಗೇ ಮರೆತುಹೋಗಿರುತ್ತದೆ. ಅದನ್ನು ಹುಡುಕಿ ನಕ್ಷೆ ಬರೆಯುವುದು ಇವರ ಕೆಲಸ. ಪ್ರಮೋದ್ ಬೀದಿಯ ಗುಂಡಿಯಲ್ಲಿ ಕೂತಿರುತ್ತಾನೆ. ಮಧುಶ್ರೀ ಜೆ.ಪಿ. ನಗರದ ಮೆಷಿನ್ ರೂಮಿನಲ್ಲಿ ನಿಂತು ಪೆನ್ನಿನಂಥ ಒಂದು ದೀಪದಿಂದ ಒಂದೊಂದೇ ಖಾಲಿ ಎಳೆಗೆ ಕೆಂಪು ಬೆಳಕು ಬಿಡುತ್ತಾಳೆ. ಯಾವ ಎಳೆಯ ತುದಿ ಕೆಂಪಾಯಿತೆಂದು ಇವನು ಫೋನಿನಲ್ಲಿ ಹೇಳುತ್ತಾನೆ. ಅವರ ಪ್ರೀತಿ ಹುಟ್ಟಿದ್ದೂ ಹೀಗೆಯೇ, ‘ಬಂತಾ?’ ‘ಬಂತು’ ಎನ್ನುತ್ತಾ ಎನ್ನುತ್ತಾ.

ನಿನ್ನೆ ಯಡಿಯೂರು ಕೆರೆಯ ಕಲ್ಲುಬೆಂಚಿನ ಮೇಲೆ ಅವಳು ನೇರವಾಗಿ ಕೇಳಿದ್ದಳು. ಚೆನ್ನೈ ಆಫೀಸಿಗೆ ಕರೆದಿದ್ದಾರೆ. ನಾಳೆ ಸಂಜೆಯೊಳಗೆ ಉತ್ತರ ಕೊಡಬೇಕು. “ಮನೇಲಿ ನಿನ್ನ ವಿಷ್ಯ ಹೇಳಲಾ? ಇಲ್ಲ ಚೆನ್ನೈಗೆ ಹೋಗಿಬಿಡಲಾ?”

“ನೋಡೋಣ,” ಎಂದಿದ್ದ.

“ನಮ್ಮಪ್ಪ ಬಾಡಿಗೆಯವ್ರಿಗೆ ಹೇಳೋ ಮಾತು ಅದು. ಗೀಸರ್ ಹಾಕಿಸ್ಕೊಡಿ ಅಂದ್ರೆ ‘ನೋಡೋಣ’ ಅಂತಾರೆ. ಇವತ್ತಿಗೂ ಅವರೆಲ್ಲ ತಣ್ಣೀರೇ ಹುಯ್ಕೊತಿರೋದು.” ನಕ್ಕೇ ಹೇಳಿದ್ದಳು. ಆದರೆ ಎದ್ದು ಹೋಗುವಾಗ ತಿರುಗಿ ನೋಡಿರಲಿಲ್ಲ.

ರಾತ್ರಿಯಿಡೀ ಅವನಿಗೆ ನಿದ್ದೆ ಹತ್ತಿರಲಿಲ್ಲ. ಬೇಡವೆಂದಲ್ಲ. ಹೇಳಿದ ಮರುಗಳಿಗೆ ‘ಯಾವ ಜನ?’ ಎಂದು ಬರುವ ಪ್ರಶ್ನೆಯ ಭಯ. ಆ ಪ್ರಶ್ನೆಗೆ ಅವನ ಅಪ್ಪ ಬದುಕಿನುದ್ದಕ್ಕೂ ತಲೆ ತಗ್ಗಿಸದೆ ಉತ್ತರ ಕೊಟ್ಟಿದ್ದರು, ಪ್ರತಿಸಲವೂ ಒಂದೊಂದು ಬಾಗಿಲು ಮುಚ್ಚಿಕೊಂಡಿತ್ತು.

“ಏನಪ್ಪಾ, ಆಗ್ಲಿಂದ ಗೋಡೆನೇ ನೋಡ್ತಿದೀಯಾ? ಕಾರ್ಪೊರೇಷನ್ನೋನಾ?”

ಗೇಟಿನ ಹಿಂದೆ ಮಧುಶ್ರೀಯ ಅಪ್ಪ ಚಿಕ್ಕಬೈರಪ್ಪ. ಅಗಲ ಭುಜ, ಪಂಚೆ, ಬನಿಯನ್. ಕಣ್ಣಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಾಗಿತ್ತು.

“ಅಲ್ಲ ಸಾರ್. ಕೇಬಲ್ ಸರ್ವೆ. ಇಲ್ಲೊಂದು ಚೇಂಬರ್ ಇರ್ಬೇಕಿತ್ತು...”

“ಪೋರ್ಟಿಕೋಲಿ ಕಾರಿನ ಕೆಳಗೊಂದು ಮುಚ್ಚಳ ಐತೆ. ನಾನು ಚರಂಡಿದು ಅಂದ್ಕೊಂಡಿದ್ದೆ.” ಅವರು ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದರು. “ಗೋಡೆ ಸ್ವಲ್ಪ ಮುಂದಕ್ಕೆ ಬಂದದೆ. ಎಲ್ರೂದೂ ಬಂದದೆ. ಬಾ ಒಳಗೆ, ಬೇಗ ನೋಡ್ಕಂಡು ಹೋಗು. ಯಾವ ಕಡೆಯೋನು ನೀನು?”

“ಯಡಿಯೂರು ಸಾರ್.”

“ಅದಲ್ಲ...” ಎಂದವರು, ಕಾರು ಹಿಂದೆ ತೆಗೆಯುವ ಗಡಿಬಿಡಿಯಲ್ಲಿ ಮಾತು ಅಲ್ಲಿಗೇ ಬಿಟ್ಟರು.

ಪ್ರಮೋದ್ ಮಧುಶ್ರೀಗೆ ಮೆಸೇಜ್ ಹಾಕಿದ: ‘ನಿಮ್ಮನೇಲಿ ಇದೀನಿ. ಹುಷಾರು.’ ಒಂದೇ ಟಿಕ್. ಮೆಷಿನ್ ರೂಮಿನೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅಲ್ಲಿರುವುದು ಲ್ಯಾಂಡ್‌ಲೈನ್ ಒಂದೇ. ಅವನ ಇಯರ್‌ಫೋನ್ ಬೆಳಿಗ್ಗೆಯೇ ಕೈಕೊಟ್ಟಿತ್ತು.

ಮುಚ್ಚಳ ಎತ್ತಿ ಗುಂಡಿಗಿಳಿದ. ನೆಲ ಅವನ ಎದೆಮಟ್ಟಕ್ಕೆ ಬಂತು. ಎರಡೂ ಕೈಯಲ್ಲಿ ಎಳೆಗಳು, ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿ ಗುಂಡಿಯ ಅಂಚಿನಲ್ಲಿಟ್ಟ. ಅಷ್ಟರಲ್ಲಿ ಮಧುಶ್ರೀಯ ಅಜ್ಜಿ ಅಂಜನಮ್ಮನೂ ಸೆರಗಿಗೆ ಕೈ ಒರೆಸುತ್ತಾ ಬಂದು ಬಗ್ಗಿ ನೋಡಿದರು. ಮೆಷಿನ್ ರೂಮಿನ ಲ್ಯಾಂಡ್‌ಲೈನ್ ರಿಂಗಾಗುತ್ತಿದ್ದಷ್ಟೂ ಹೊತ್ತು, ಮಧುಶ್ರೀ ಎತ್ತದಿದ್ದರೆ ಸಾಕೆಂದು ಅವನು ಬೇಡಿಕೊಂಡ.

“ಹಲೋ.”

“ಮೇಡಂ, ಚೇಂಬರ್ ತೆಗ್ದಿದೀನಿ. ಲೈಟ್ ಬಿಡಿ.”

“ಮೇಡಮ್ಮಾ? ಓಹೋ! ನಿನ್ನೆ ತನಕ ಮಧು, ಇವತ್ತು ಮೇಡಂ.”

“ಮೇಡಂ, ಮನೆಯವ್ರು ಪಕ್ಕದಲ್ಲೇ ನಿಂತಿದಾರೆ.”

“ನಿಂತ್ಕೊಳ್ಲಿ ಬಿಡು, ಅವರಿಗೇನು ಅರ್ಥ ಆಗುತ್ತೆ. ನೀಲಿ ಎಳೆಗೆ ಬಿಟ್ಟೆ. ಬಂತಾ?”

ಎಳೆಯ ತುದಿಯಲ್ಲಿ ಕುಂಕುಮದ ಚುಕ್ಕಿಯಂಥ ಬೆಳಕು. “ಬಂತು.”

“ಎರಡನೇ ಕೇಬಲ್‌ದು ಬಿಡ್ತೀನಿ. ಅದು ಬೇರೆ ರೋಡಲ್ಲಿ ಹೋಗಿದೆ, ನಿಂಗೆ ಕಾಣ್ಬಾರ್ದು.”

ಇನ್ನೊಂದು ಕೈಯಲ್ಲಿದ್ದ ಕೇಬಲ್ಲಿನ ಎಳೆ ಕೆಂಪಗಾಯಿತು. “ಇದೂ ಬಂತು.”

“ಏನು? ಸಿಂಗಾಪುರಕ್ಕೆ ಎರಡು ಬೇರೆ ಬೇರೆ ದಾರಿ ಅಂತ ಮಾರಿದಾರೆ, ಎರಡೂ ಒಂದೇ ಗುಂಡೀಲಾ? ಒಂದು ಜೆಸಿಬಿ ಬಂದ್ರೆ ಎರಡೂ ಖಲಾಸ್! ಸಖತ್ ಕಣೋ, ಹಿಡ್ದುಬಿಟ್ಟೆ.” ಸ್ವಲ್ಪ ಬಿಟ್ಟು, ಮೆತ್ತಗೆ, “ಸರಿ, ನನ್ನ ವಿಷ್ಯ?”

ಚಿಕ್ಕಬೈರಪ್ಪ ಹುಬ್ಬು ಗಂಟಿಕ್ಕಿ ಫೋನಿನ ಕಡೆ ಬಾಗಿದರು.

“ಮೇಡಂ, ದಯವಿಟ್ಟು...”

“ಏನು ದಯವಿಟ್ಟು? ನಮ್ಮಪ್ಪಂಗೆ ಹೆದರ್ಕೊಂಡು ಇನ್ನೂ ಎಷ್ಟು ದಿನ ತಿರುವಲ್ಲೇ ಇಳ್ಕೊತೀಯಾ? ಅವರೇನು ಹುಲಿನಾ? ಬಾಯಿ ಜೋರು ಅಷ್ಟೆ. ಬಿಪಿ ಮಾತ್ರೆ ನುಂಗ್ಬೇಕಾದ್ರೆ ನಮ್ಮಜ್ಜಿ ಕೋಲು ಹಿಡ್ಕೊಂಡು ನಿಂತ್ಕೊಬೇಕು.”

ಅಂಜನಮ್ಮ ಕಿಸಕ್ಕನೆ ನಕ್ಕು ಸೆರಗು ಬಾಯಿಗಿಟ್ಟುಕೊಂಡರು.

“ಮಧೂ!” ಚಿಕ್ಕಬೈರಪ್ಪನವರ ದನಿಗೆ ಪೋರ್ಟಿಕೋ ಗುಂಯ್‌ಗುಟ್ಟಿತು.

ಅವರು ಫೋನಿನ ಪಕ್ಕ ಮಂಡಿಯೂರಿದರು.

“ಯಾರಮ್ಮ ಇವನು?”

ಫೋನ್ ಇಟ್ಟುಬಿಟ್ಟಳೇ? ಪ್ರಮೋದ್ ಕೈಯಲ್ಲಿದ್ದ ಎಳೆ ನೋಡಿದ. ಕೆಂಪು ಹಾಗೆಯೇ ಇತ್ತು. ಜೆ.ಪಿ. ನಗರದಲ್ಲಿ ಅವಳು ಇನ್ನೂ ಆ ಬೆಳಕಿನ ಪೆನ್ನು ಹಿಡಿದೇ ನಿಂತಿದ್ದಾಳೆ. ಗುಂಡಿಯೊಳಗೆ ನಿಂತವನು ಓಡುವುದಾದರೂ ಎಲ್ಲಿಗೆ?

“ನಾನೇ ಹೇಳ್ತೀನಿ ಸಾರ್. ನಾನು ಪ್ರಮೋದ್. ಅಪ್ಪ ಚಲುವರಾಜು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ರು. ಯಾವ ಕಡೆಯೋನು ಅಂತ ಕೇಳಿದ್ರಲ್ಲ, ನಾನು ಯಡಿಯೂರು ಅಂತ ಜಾರ್ಕೊಂಡೆ. ನಾವು ಬೌದ್ಧರು. ತಾತನ ಕಾಲಕ್ಕೆ ನಮ್ಮನ್ನ ಏನಂತ ಕರೀತಿದ್ರು ಅಂತ ನಿಮಗೆ ಗೊತ್ತಿರುತ್ತೆ. ಮಧು ಅಂದ್ರೆ ನಂಗೆ ಪ್ರಾಣ. ಮದ್ವೆ ಆಗ್ಬೇಕು ಅಂತಿದೀನಿ. ಇದನ್ನ ಅವಳಿಗೇ ಇನ್ನೂ ನೆಟ್ಟಗೆ ಹೇಳಿಲ್ಲ ಸಾರ್. ನಿಮಗೇ ಮೊದ್ಲು ಹೇಳ್ತಿರೋದು.”

ಫೋನಿನಿಂದ ಅಳುವೋ ನಗುವೋ ತಿಳಿಯದ ಸಣ್ಣ ಸದ್ದೊಂದು ಬಂತು.

ಚಿಕ್ಕಬೈರಪ್ಪನವರ ಕಣ್ಣು ಟ್ಯಾಬಿನ ನಕ್ಷೆಯ ಮೇಲೆ ನೆಟ್ಟಿತು. “ಈ ಗುಂಡಿನ ಅದ್ರಲ್ಲಿ ಎಲ್ಲಿ ಹಾಕ್ತೀಯಾ?”

“ಇರೋ ಕಡೆ ಸಾರ್. ಕಾಂಪೌಂಡ್ ಒಳಗೆ.”

“ಗೋಡೆಯಿಂದ ಆಚೆ ಹಾಕು. ರೋಡಲ್ಲಿ. ಆಮೇಲೆ ಕೂತ್ಕಂಡು ಮಾತಾಡಣ.”

ಬೆರಳನ್ನು ಅಕ್ಕಿಕಾಳಿನಷ್ಟು ಸರಿಸಿದರೆ ಸಾಕಿತ್ತು. ಪ್ರಮೋದನ ಬೆರಳು ಪರದೆಯ ತನಕ ಹೋಯಿತು ಕೂಡ. ಇಷ್ಟು ದಿನ ಮುಚ್ಚಿದ್ದ ಬಾಗಿಲು ಇಷ್ಟು ಸಣ್ಣ ಕೀಲಿಗೆ ತೆರೆದುಕೊಳ್ಳುತ್ತದೆಯೇ? ತೆರೆದರೆ, ಒಳಗೆ ಹೋಗುವವನು ಯಾರಾಗಿರುತ್ತಾನೆ?

“ಆಗಲ್ಲ ಸಾರ್.”

“ಹುಡುಗಿ ಬೇಕು, ಇಷ್ಟು ಮಾಡಕ್ಕಾಗಲ್ವಾ?”

“ರೋಡಲ್ಲಿದೆ ಅಂತ ಹಾಕಿದ್ರೆ, ನಾಳೆ ಯಾರೋ ಇಲ್ಲಿ ಏನೂ ಇಲ್ಲ ಅಂತ ಅಗ್ದುಬಿಡ್ತಾರೆ. ಅಲ್ದೆ... ನಾನು ಹಾಕಿದ್ದನ್ನ ಚೆಕ್ ಮಾಡೋಳೇ ಇವಳು ಸಾರ್. ಸುಳ್ಳು ಗೆರೆ ಎಳ್ದು ಇವಳ ಮುಂದೆ ಹೆಂಗೆ ನಿಂತ್ಕೊಳ್ಲಿ?”

ಚಿಕ್ಕಬೈರಪ್ಪ ಸರ್ರನೆ ತಿರುಗಿ ಒಳಗೆ ಹೋದರು. ಬಾಗಿಲು ದಢಾರನೆ ಹಾಕಿಕೊಂಡಿತು. ಎಳೆಯ ಕೆಂಪೂ ಆರಿತು.

“ಮೊದ್ಲು ಅದನ್ನ ಮುಚ್ಚಪ್ಪ, ಯಾರಾದ್ರೂ ಬಿದ್ದಾರು,” ಎಂದು ಅಂಜನಮ್ಮನೂ ಒಳಗೆ ನಡೆದರು.

ಅವನು ಎಳೆಗಳನ್ನು ಸುತ್ತಿ, ಮುಚ್ಚಳ ಹಾಕಿ, ಬೀದಿಗೆ ಬಂದು ನಿಂತ. ಹೋಗಲು ಕಾಲು ಬರಲಿಲ್ಲ, ನಿಲ್ಲಲು ಧೈರ್ಯ ಸಾಲಲಿಲ್ಲ. ಕೊನೆಗೆ ತಿರುವಿನಲ್ಲಿ ಅವಳ ಸ್ಕೂಟರ್ ಕಂಡಿತು. ಹೆಲ್ಮೆಟ್ ತೆಗೆಯದೆಯೇ ಅವಳು ಇಳಿದು ಬಂದಳು.

“ಹೊಡೆದ್ರಾ?”

“ಇಲ್ಲ.”

“ಬೈದ್ರಾ?”

“ಇಲ್ಲ.”

“ಅಯ್ಯೋ, ಬೈದಿಲ್ಲ ಅಂದ್ರೆ ಕಷ್ಟ ಕಣೋ.” ಅವನ ಅಂಗಿಯ ಮಣ್ಣು ಕೊಡವುವ ನೆಪದಲ್ಲಿ ಅವಳ ಬೆರಳು ಒಂದು ಗಳಿಗೆ ಅವನೆದೆಯ ಮೇಲೆ ನಿಂತಿತು. “ಎಷ್ಟು ಹೊಡ್ಕೊತಿದೆ ನೋಡು. ಇನ್ನೊಂದ್ಸಲ ಹೇಳು. ಫೋನಲ್ಲಿ ಸರಿಯಾಗಿ ಕೇಳಿಸ್ಲಿಲ್ಲ.”

“ಸುಳ್ಳಿ.”

“ಹೇಳೋ.”

ಹೇಳಿದ. ಈ ಸಲ ನೇರ ಅವಳಿಗೆ, ಅವಳಿಗೆ ಮಾತ್ರ ಕೇಳುವಷ್ಟು. ಹೆಲ್ಮೆಟ್ಟಿನ ಗಾಜಿನ ಹಿಂದೆ ಅವಳ ಕಣ್ಣು ತುಂಬಿ, ಗಾಜು ಮಂಜಾಯಿತು.

“ಚೆನ್ನೈಗೆ ಬರಲ್ಲ ಅಂತ ಹೇಳಿಬಿಟ್ಟೇ ಬಂದೆ,” ಎಂದಳು.

ಬಾಗಿಲು ತೆರೆದ ಸದ್ದು. ಚಿಕ್ಕಬೈರಪ್ಪ ಗೇಟಿನ ತನಕ ಬಂದು ನಿಂತರು. ಈಗ ಅಂಗಿ ತೊಟ್ಟಿದ್ದರು. ಅಡುಗೆಮನೆಯಿಂದ ಅಂಜನಮ್ಮನ ಕೂಗು ಬಂತು: “ಲೋ, ಮಧ್ಯಾಹ್ನಕ್ಕೆ ಎಷ್ಟು ಮುದ್ದೆ ಕಟ್ಲಿ? ಹಿಟ್ಟು ಆರ್ತಾ ಐತೆ!”

ಚಿಕ್ಕಬೈರಪ್ಪ ಮಗಳನ್ನೂ ನೋಡಲಿಲ್ಲ, ಪ್ರಮೋದನನ್ನೂ ನೋಡಲಿಲ್ಲ. ಬೀದಿಯ ಆ ತುದಿಯಲ್ಲಿ ಏನೋ ಹುಡುಕುವಂತೆ ನಿಂತು,

“ಒಂದು ಜಾಸ್ತಿ ಕಟ್ಟವ್ವ,” ಎಂದರು. ಆಮೇಲೆ ಪ್ರಮೋದನತ್ತ ತಿರುಗಿ, “ಊಟಕ್ಕೆ ಅಂದೆ. ಹೆಣ್ಣು ಕೊಡ್ತೀನಿ ಅಂದಿಲ್ಲ.”

“ಸರಿ ಸಾರ್.”

ಪ್ರಮೋದ್ ಹೊಸ್ತಿಲ ಬಳಿ ಶೂ ಬಿಚ್ಚಲು ಬಗ್ಗಿದ. ಅವಸರದಲ್ಲಿ ಲೇಸಿನ ಗಂಟು ಇನ್ನಷ್ಟು ಬಿಗಿಯಿತು. ಎಳೆದಷ್ಟೂ ಬಿಗಿಯುತ್ತಲೇ ಹೋಯಿತು. ಅಪ್ಪ ನೋಡುತ್ತಿರುವಂತೆಯೇ ಮಧುಶ್ರೀ ಅವನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಅವನ ಕೈ ಪಕ್ಕಕ್ಕೆ ಸರಿಸಿ, ಗಂಟು ಬಿಡಿಸತೊಡಗಿದಳು.