ಸೂಜಿಯ ತುದಿ ಕಾಣುವವರೆಗೆ

"ಇಪ್ಪತ್ತ ಸೆಕೆಂಡ್ ಉಳದಾವ್ರಿ, ಡಾಕ್ಟರ್! ಸೂಜಿ ಯಾಕ ನಿಂತೈತಿ?"

ಬೆನ್ನ ಹಿಂದಿನಿಂದ ಬಂದ ತರಬೇತುದಾರನ ದನಿಗೆ ಸರಿತಾಳ ಬೆರಳು ಇನ್ನಷ್ಟು ಬಿಗಿಯಾದವು.

ಗೋಕಾಕದ ಆಸ್ಪತ್ರೆಯೊಂದರ ಮೇಲ್ಮಹಡಿಯಲ್ಲಿ ತುರ್ತು ಚಿಕಿತ್ಸೆಯ ವೈದ್ಯರಿಗೆ ತರಬೇತಿ ನಡೆದಿತ್ತು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ, ನರದ ಪಕ್ಕಕ್ಕೆ ಮದ್ದು ಬಿಟ್ಟು, ಮುರಿದ ಎಲುಬಿನ ನೋವನ್ನು ಮರಗಟ್ಟಿಸುವ ವಿದ್ಯೆ. ಮೇಜಿನ ಮೇಲಿದ್ದದ್ದು ರೋಗಿಯಲ್ಲ, ಕಾಸಿ ಹೆಪ್ಪುಗಟ್ಟಿಸಿದ ಜೆಲ್ಲಿಯ ತೊಡೆ. ಒಳಗೆ ನರವೆಂದು ಒಂದು ಹುರಿ, ರಕ್ತನಾಳವೆಂದು ಒಂದು ರಬ್ಬರ್ ಕೊಳವೆ.

ಸ್ಕ್ರೀನಿನಲ್ಲಿ ಸೂಜಿಯ ಬಿಳಿ ಗೆರೆಯೇನೋ ಕಾಣುತ್ತಿತ್ತು. ತುದಿ ಮಾತ್ರ ಕಾಣುತ್ತಿರಲಿಲ್ಲ.

"ತುದಿ... ಕಾಣವಲ್ದರಿ, ಸರ್."

"ಹಂಗಾದ್ರ?"

"ಮುಂದ ದೂಡೂದಿಲ್ರಿ."

ಸಮಯ ಮುಗಿದ ಗಂಟೆ ಹೊಡೆಯಿತು.

"ಜೆಲ್ಲಿಗೂ ಬ್ಯಾನಿ ಆಕ್ಕೈತಿ ಅಂತ ತಿಳಕೊಂಡಾರ, ಪಾಪ!" ಎಂದ ಹುಕ್ಕೇರಿಯಿಂದ ಬಂದಿದ್ದ ಡಾಕ್ಟರ್ ಭೀಮೇಶ. ಎಲ್ಲರೂ ನಕ್ಕರು.

ತರಬೇತಿ ಕೊಡುತ್ತಿದ್ದ ಡಾಕ್ಟರ್ ಸುಶಾಂತ ಮಾತ್ರ ನಗಲಿಲ್ಲ. ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿದ್ದದ್ದು ಸಿಟ್ಟೇ? ಕನಿಕರವೇ? ಅವನು ಹೊತ್ತು ಹಿಡಿದು ಏನೋ ಬರೆದು ಹಾಳೆಯನ್ನು ಅವಳ ಕೈಗಿತ್ತ.

"ಪೂರಾ ಓದ್ರಿ."

'ಅಪೂರ್ಣ.' ಒಂದೇ ಶಬ್ದ! ಇದರಲ್ಲಿ ಪೂರಾ ಓದುವುದೇನಿದೆ?

ಮೂಡಲಗಿಯ ತನ್ನ ಕೋಣೆಗೆ ಬಂದವಳೇ ಡೈರಿ ತೆರೆದಳು. ಮನಸ್ಸಿಗೆ ನಾಟಿದ ಚೀಟಿಯನ್ನೆಲ್ಲ ಅದರಲ್ಲಿ ಅಂಟಿಸಿಡುವುದು ಅವಳ ಹಳೆಯ ರೂಢಿ. ಪುಟಕ್ಕೆ ಗೋಂದು ಬಳಿದು, ತುಂಬಿದ ಕಣ್ಣಲ್ಲೇ ಹಾಳೆಯನ್ನು ಒತ್ತಿದಳು. ಕೆಳಗೆ ಬರೆದಳು: 'ಪುಕ್ಕಲಿ ಅಂದುಕೊಂಡರು. ಇನ್ನೆಂದೂ ಅವರೆದುರು ನಿಲ್ಲಲಾರೆ.'

ಆದರೆ ನಿಲ್ಲಲೇಬೇಕಾಯಿತು...

ಇಪ್ಪತ್ತೈದು ದಿನಗಳ ಮೇಲೆ ಒಂದು ಮಧ್ಯಾಹ್ನ, ಅವಳು ಕೆಲಸ ಮಾಡುತ್ತಿದ್ದ ಮೂಡಲಗಿಯ ಆಸ್ಪತ್ರೆಗೆ ತುಕ್ಕಾನಟ್ಟಿಯಿಂದ ಒಂದು ಸ್ಟ್ರೆಚರ್ ಬಂತು. ಹಿತ್ತಲಲ್ಲಿ ಜಾರಿ ಬಿದ್ದ ಶಂಕ್ರವ್ವ. ಸೊಂಟದ ಬಳಿ ತೊಡೆಯೆಲುಬು ಮುರಿದಿತ್ತು. ಪಕ್ಕದಲ್ಲೇ ಅವಳ ಮಗ. ಸುಶಾಂತ!

ಶಂಕ್ರವ್ವನಿಗೆ ಮೊದಲೇ ಉಸಿರಿನ ತೊಂದರೆ, ಬಲವಾದ ನೋವಿನ ಔಷಧಿ ಕೊಡಲು ಭಯ. ಆಪರೇಷನ್ನಿಗೆ ಬೆಳಗಾವಿಗೇ ಒಯ್ಯಬೇಕು. ಈ ನೋವಿನಲ್ಲಿ ಅಷ್ಟು ದೂರ?

"ನರಕ್ಕ ಮದ್ದ ಬಿಡಬೇಕ್ರಿ. ನೀವ ಮಾಡ್ರಿ, ಸರ್..."

ಅವನು ತಾಯಿಯ ಕೈ ಹಿಡಿದುಕೊಂಡು ತಲೆಯಲ್ಲಾಡಿಸಿದ. "ಅವ್ವ ಅದಾಳ್ರಿ. ನನ್ನ ಕೈಲೆ ಆಗೂದಿಲ್ಲ. ನೀವ ಮಾಡ್ರಿ."

"ನಾ ಅಪೂರ್ಣ ಅಂತ ನೀವ ಬರದೀರಲ್ರಿ!"

"ನಿಮ್ಮ ಕೈ ಗೊತ್ತಿದ್ದ ಕೇಳಾಕತ್ತೇನಿ. ನಾ ಬಾಜೂಕ ಇರತೇನಿ."

ಅವಳು ಶಂಕ್ರವ್ವನತ್ತ ಬಾಗಿದಳು. "ಯವ್ವಾ, ಬ್ಯಾನಿ ಹೋಗಾಕ ಒಂದ ಸೂಜಿ ಹಾಕಲೇನ್ರಿ?"

"ಏನರ ಮಾಡ ತಂಗಿ, ಲಗೂನ ಮಾಡ!"

ಸೂಜಿ ಒಳಸರಿಯಿತು. ಇಲ್ಲಿದ್ದದ್ದು ರಬ್ಬರ್ ಕೊಳವೆಯಲ್ಲ, ಮಿಡಿಯುವ ರಕ್ತನಾಳ! ಬಿಳಿ ಗೆರೆ ಮುಂದೆ ಹೋಯಿತು... ತುದಿ ಮಾಯವಾಯಿತು!

ಶಂಕ್ರವ್ವ ಚೀರಿದಳು. ಇನ್ನೊಂದಿಷ್ಟು ದೂಡಿಬಿಡಲೇ? ಇಲ್ಲ... ಸರಿತಾ ನಿಂತಳು.

"ಕಾಣವಲ್ದು."

"ನಿಲ್ರಿ," ಎಂದ ಸುಶಾಂತ. "ಹೊತ್ತ ಹಿಡದ್ರ ಹಿಡೀಲಿ."

ಚರ್ಮದ ಮೇಲಿದ್ದ ಅಲ್ಟ್ರಾಸೌಂಡ್ ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿದಳು. ಅಗೋ... ಮಿನುಗುವ ಒಂದು ಚುಕ್ಕೆ! ಬೇಕಾದಷ್ಟೇ ಮುಂದೊತ್ತಿ ಮದ್ದು ಬಿಟ್ಟಳು. ಅದು ನರದ ಪಕ್ಕದಲ್ಲಿ ಕಪ್ಪು ನೀರಿನಂತೆ ಹರಡಿಕೊಂಡಿತು.

ಇಪ್ಪತ್ತು ನಿಮಿಷಕ್ಕೆ ಶಂಕ್ರವ್ವನ ಹುಬ್ಬಿನ ಗಂಟು ಸಡಿಲಾಯಿತು. ಮಾತೂ ಮರಳಿತು.

"ಹೆಸರೇನ ತಂಗಿ?"

"ಸರಿತಾ ಅಂತರಿ."

"ಅಯ್ಯ, ನೀನೇನ ಆ ಬುಧವಾರದಾಕಿ! ಮೂರ ಬುಧವಾರ ನನ್ನ ಸಾರಿನ ಪಾತೇಲಿಯೊಳಗ ಅದೇನೋ ಜಿಗಟ ಕಾಸ್ಕೊಂಡ ಹ್ವಾದಾ ಇಂವಾ. ಸಂಜಿಗಿ ಸಪ್ಪ ಮಾರಿ ಮಾಡ್ಕೊಂಡ ಹಂಗ ತಿರಗಿ ತಂದಾ!"

"ಅವ್ವಾ, ಸುಮ್ನಿರ!"

ಸರಿತಾ ಕಕ್ಕಾಬಿಕ್ಕಿಯಾದಳು. "ಯಾವ ಬುಧವಾರರಿ?"

"ಹಾಳಿ ಹಿಂದ ಬರದಿದ್ದೆನಲ್ರಿ. ನೀವ ಬರಲಿಲ್ಲ... ಬ್ಯಾಡಾಗೇತಿ ಅಂತ ತಿಳಕೊಂಡೆ."

"ಹಿಂದ?" ಅವಳ ಮುಖ ಕೆಂಪಾಯಿತು. "ನಾ ಅದನ್ನ ಡೈರಿಗಿ ಗೋಂದ ಹಚ್ಚಿ ಅಂಟಿಸೇನ್ರಿ!"

ಅಷ್ಟರಲ್ಲಿ ಆಂಬ್ಯುಲೆನ್ಸ್ ಸಜ್ಜಾಗಿತ್ತು.

ಅಂದು ಸಂಜೆ ಹಾಳೆಗೆ ಹನಿಹನಿಯಾಗಿ ನೀರು ಸವರಿ ಬಿಡಿಸಿದಳು. ಶಾಯಿ ಕದಡಿದ್ದರೂ ಓದಲು ಬರುತ್ತಿತ್ತು.

'ತುದಿ ಕಾಣದಾಗ ನಿಂತ ಕೈ ಇವತ್ತು ಇದೊಂದೇ. ಕೆಲಸ ಅಪೂರ್ಣ, ಸೋಲಲ್ಲ. ಬುಧವಾರ ನಾಲ್ಕಕ್ಕೆ ಬನ್ನಿ, ಪೂರ್ಣ ಮಾಡೋಣ. ಕಾಯುತ್ತೇನೆ.'

ಪುಕ್ಕಲಿ ಎಂದು ಬರೆದುಕೊಂಡದ್ದು ನಾನೇ... ಅವರಲ್ಲ!

ಶಂಕ್ರವ್ವನ ಆಪರೇಷನ್ ಚೆನ್ನಾಗಿ ಆಯಿತು. ಮುಂದಿನ ಬುಧವಾರ ನಾಲ್ಕಕ್ಕೆ, ಗೋಕಾಕದ ಅದೇ ಕೋಣೆಯ ಬಾಗಿಲಲ್ಲಿ ಸರಿತಾ ನಿಂತಿದ್ದಳು. ಕೈಯಲ್ಲಿ ಸ್ಟೀಲ್ ಡಬ್ಬಿ.

"ಈ ಸಲ ನಾ ಕಾಸ್ಕೊಂಡ ಬಂದೇನ್ರಿ."

ಸುಶಾಂತ ಮುಚ್ಚಳ ತೆಗೆದು ಜೆಲ್ಲಿ ನೋಡಿ ನಕ್ಕ. "ನರಾ ಹಾಕೂದ ಮರತೀರಿ."

"ಅಯ್ಯ!" ನಾಲಿಗೆ ಕಚ್ಚಿಕೊಂಡಳು. ಆಮೇಲೆ ನೆಲ ನೋಡುತ್ತ ಕೇಳಿದಳು, "ಕಲಸಾಕಂತ ಮೂರ ಬುಧವಾರ ಕಾದ್ರೇನ್ರಿ?"

"ಮೊದಲನೇದ ಕಲಸಾಕ." ಅವನು ತಡೆದ. "ಉಳದದ್ದ... ಮತ್ತೊಂದ ಹಾಳ್ಯಾಗ ಬರದ ಕೊಡಲೇನ್ರಿ?"

ಮೊದಲ ಸಲ ಅವಳು ತಲೆಯೆತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಬ್ಯಾಡ್ರಿ. ಬಾಯಿಲೇ ಹೇಳ್ರಿ... ಬರದ ಕೊಟ್ರ ಮತ್ತ ಅಂಟಿಸಿಬಿಡತೇನಿ."