ಹುಮನಾಬಾದದಲ್ಲಿ ಯಾರೋ ಕೇಳುತ್ತಿದ್ದಾರೆ

ಪೂನಂ ಹಾಡಲು ಬಾಯಿ ತೆರೆದರೆ ಬಸವಕಲ್ಯಾಣದ ಕೋಟೆಯ ಮೇಲಿನ ತೋಪು ತಾನಾಗಿ ಮುಖ ತಿರುಗಿಸಿ ಕಿವಿಗೊಡುತ್ತಿತ್ತು. ತ್ರಿಪುರಾಂತ ಕೆರೆಯ ಮೀನುಗಳು ದಂಡೆಯ ಮೇಲೆ ಸಾಲಾಗಿ ಕೂತು ಪೂರ್ತಿ ಕೇಳಿ, ಚಪ್ಪಾಳೆ ತಟ್ಟಿ ನೀರಿಗೆ ಮರಳುತ್ತಿದ್ದವು. ಮೀನಿಗೆ ಕೈ ಎಲ್ಲಿಂದ ಬಂತು ಎಂದು ಕೇಳುವವರು ಅವಳ ಹಾಡು ಕೇಳಿಲ್ಲವೆಂದೇ ಲೆಕ್ಕ.

ಅಂಥ ಪೂನಂಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾರಣ, ಅವಳ ಹಾಡು ಗೆಲ್ಲುತ್ತಿತ್ತು.

ಹಗಲೆಲ್ಲ ಬ್ಲೌಸು ಹೊಲಿಯುವ ಹುಡುಗಿ ಅವಳು. ಟೇಪು ಹಿಡಿದು ಅಳೆಯದೆ ಯಾರ ಮಾತನ್ನೂ ನಂಬಿದವಳಲ್ಲ. ಗೌಸನ ಪುಟ್ಟ ಸ್ಟುಡಿಯೋದಲ್ಲಿ ಹಾಡಿದ ‘ಕುಸುಬಿ ಹೂವು’ ಹಾಡು ಕೇಳುವ ಆ್ಯಪಿಗೆ ಏರಿದ ಮೇಲೆ ಅದನ್ನು ಕೇಳಿದವರು ಅವಳು, ಅವಳ ತಾಯಿ ದ್ರೌಪತಿ ಮತ್ತು ಗೌಸ. ಹಾಗೆ ಧೂಳು ತಿನ್ನುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಎದ್ದು, ಕಲ್ಯಾಣ ಕರ್ನಾಟಕದ ಟಾಪ್ ಐವತ್ತರ ಪಟ್ಟಿಯಲ್ಲಿ ಹುಣಸೆ ಮರ ಹತ್ತುವ ಕೋತಿಯಂತೆ ಹತ್ತತೊಡಗಿತು. ಸೋಲಾಪುರದ ಮ್ಯೂಸಿಕ್ ಕಂಪನಿಯೊಂದರಿಂದ ಫೋನು ಬಂತು. ಮುಂದಿನ ಹಾಡುಗಳನ್ನೆಲ್ಲ ತಮಗಾಗಿಯೇ ಹಾಡಬೇಕು. ಸೋಮವಾರ ಬಂದು ಸಹಿ ಹಾಕಬೇಕು. ಕೇಳಿದವರೆಲ್ಲ ನಿಜವಾದ ಕೇಳುಗರು ಎಂದೂ ಬರೆದುಕೊಡಬೇಕು.

ಪೂನಂ ನೇರ ಗೌಸನ ಮುಂದೆ ಹೋಗಿ ನಿಂತಳು.

“ಗೌಸ ಭಾಯಿ, ಖರೇ ಹೇಳ್ರಿ. ರೊಕ್ಕಾ ಕೊಟ್ಟು ಪ್ಲೇ ಖರೀದಿ ಮಾಡೀರೇನು?”

“ತೌಬಾ ತೌಬಾ! ಪ್ರಮೋಷನ್ ಪ್ಯಾಕೇಜ್ ತಗೊ, ತಗೊ ಅಂತ ನಾ ಬಡ್ಕೊಂಡಾಗ ಬ್ಯಾಡ ಅಂದಾಕಿ ನೀನೇ. ಕಿಸೇದಾಗಿಂದು ಹಾಕಾಕ ನಾ ಏನು ನಿನ್ನ ಸೋದರಮಾವನಾ?”

ಗೌಸ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಹಾಡನ್ನು ಎಲ್ಲಿ ಎಷ್ಟು ಕೇಳಿದ್ದಾರೆ ಎಂದು ತೋರಿಸುವ ನಕಾಶೆ. ಬಸವಕಲ್ಯಾಣದ ಮೇಲೆ ಸಾಸಿವೆಯಷ್ಟು ಚುಕ್ಕೆ. ಹುಮನಾಬಾದದ ಮೇಲೆ ಜೋಳದ ರೊಟ್ಟಿಯಷ್ಟು.

“ಅಲ್ಲಿ ನನಗ ಯಾರೂ ಗುರ್ತಿಲ್ಲ,” ಎಂದಳು ಪೂನಂ.

“ಯಾರೋ ಕೇಳಾಕತ್ತಾರಲ್ಲ! ಮಂದಿ ಸ್ವಲ್ಪೇ ಅದಾರ, ಆದ್ರ ಹಗಲು ರಾತ್ರಿ ಬಿಡಂಗಿಲ್ಲ. ಆ್ಯಪಿನವರಿಗಿ ಶಕ್ ಬಂತಂದ್ರ ಹಾಡು ಕಿತ್ತಿ ಒಗಿತಾರ. ನಿನ್ನ ಹೆಸರೂ ಖರಾಬ ಆಗ್ತದ. ಸಹಿ ಮಾಡೋಕಿಂತ ಮೊದ್ಲ ನೋಡ್ಕೊ.”

ಮರುದಿನ ಪೂನಂ ಬಸ್ಸು ಹತ್ತಿದಳು. ದಾರಿಯ ರಾಜೇಶ್ವರ ಊರು ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದ ಎಲ್ಲರನ್ನೂ ಅನುಮಾನಿಸಿ ಮುಗಿಸಿದ್ದಳು. ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗ ತಲೆ ಅಲ್ಲಾಡಿಸಿದ್ದು ಯಾಕೆ? ಕಂಡಕ್ಟರು ಟಿಕೆಟ್ ಹರಿಯುತ್ತ ಗುನುಗಿದ್ದು ಯಾವುದು?

ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಹುಡುಕುವ ಕಷ್ಟವೇ ಬರಲಿಲ್ಲ. ಕಾಲು ನೆಲಕ್ಕೆ ತಾಗುವ ಮೊದಲೇ ಅವಳದೇ ದನಿ ಅವಳ ಕಿವಿಗೆ ಬಿತ್ತು.

*ಕುಸುಬಿ ಮುಳ್ಳಿಗಿ ಸೆರಗ ಸಿಕ್ಕದ, ಬಿಡಿಸಾಂವ ಯಾಂವ?*

ಎದುರು ಸಾಲಿನ ಮೊಬೈಲ್ ರಿಪೇರಿ ಅಂಗಡಿ. ಕಟ್ಟೆಯ ಮೇಲೆ ಒಂದು ಲಕ್ಷ ಫೋನುಗಳು. ಹೋಗಲಿ, ಒಂದು ಹತ್ತು ಹದಿನೈದು. ಒಂದರಲ್ಲಿ ಪಲ್ಲವಿ, ಇನ್ನೊಂದರಲ್ಲಿ ಎರಡನೇ ನುಡಿ, ಮತ್ತೊಂದರಲ್ಲಿ ಬರೀ ಡೋಲಕ್ಕು. ಜಗಳಕ್ಕೆ ಬಿದ್ದ ಪೂನಂಗಳ ಸಂತೆ. ಅವುಗಳ ನಡುವೆ ಒಬ್ಬ ಹುಡುಗ ಚಿಮಟ ಹಿಡಿದು, ಫೋನೊಂದರ ಹೊಟ್ಟೆ ಬಗೆದು ಕೂತಿದ್ದ. ಬೋರ್ಡಿನ ಮೇಲೆ ‘ಅಜೀತ ಮೊಬೈಲ್ಸ್’ ಎಂದಿತ್ತು.

ಪೂನಂ ತನ್ನ ಫೋನನ್ನು ಕಟ್ಟೆಯ ಮೇಲಿಟ್ಟಳು. “ಸ್ಪೀಕರ್ ಹೋಗ್ಯದ. ನೋಡ್ತೀರೇನ್ರಿ?”

ಚಿಮಟ ಕೈಯಿಂದ ಜಾರಿತು. ಅಜೀತ ತಲೆಯೆತ್ತಿದ. ಅವನ ಕಿವಿ ಕೆಂಪಾದ ರೀತಿ ನೋಡಿದ್ದರೆ ಮನ್ನಾಏಖೇಳ್ಳಿಯ ಹೈವೇ ಮೇಲೆ ಲಾರಿಗಳು ಸಿಗ್ನಲ್ಲೆಂದು ನಿಂತುಬಿಡುತ್ತಿದ್ದವು.

ಕಳ್ಳನೇ, ಎಂದುಕೊಂಡಳು ಪೂನಂ.

“ಇಷ್ಟೂ ಫೋನಿನಾಗ ಒಂದೇ ಹಾಡು ಯಾಕ್ರಿ?”

“ಟೆಸ್ಟಿಂಗ್‌ರಿ. ಹೊಸಾ ಬ್ಯಾಟರಿ ಹಾಕಿದ ಮ್ಯಾಲ ಚಾರ್ಜ್ ಪೂರ್ತಿ ಇಳಿಯೋತನ ಹಾಡು ಹಚ್ಚಿಡತೀವಿ. ಬ್ಯಾಟರಿನೂ ಗೊತ್ತಾಗ್ತದ, ಸ್ಪೀಕರೂ ಗೊತ್ತಾಗ್ತದ.”

“ಎಲ್ಲಾ ಅಂಗಡ್ಯಾಗೂ ಹಿಂಗೇ ಮಾಡ್ತಾರಾ?”

“ಮಾಡ್ತಾರ್ರಿ. ಹಾಡು ಅಷ್ಟೇ ಬ್ಯಾರೆ.”

“ಇದೇ ಹಾಡು ಹಚ್ಚು ಅಂತ ಯಾರು ಹೇಳ್ಯಾರ ನಿಮಗ? ಬಸವಕಲ್ಯಾಣದ ಗೌಸ?”

ಅಜೀತನ ಹುಬ್ಬು ಗಂಟಿಕ್ಕಿತು. ಈಗ ಅನುಮಾನ ಕಟ್ಟೆ ದಾಟಿ ಅವನ ಕಡೆ ಹೋಗಿತ್ತು. “ಗೌಸ ಯಾರ್ರಿ?” ಎಂದ. ಬಿಚ್ಚಿಟ್ಟ ಸ್ಕ್ರೂಗಳನ್ನು ಒಂದು ಕಡೆ ಸರಿಸುತ್ತ, “ಎರಡನೇ ನುಡಿಯಾಗ ‘ಯಾಂವ’ ಅನ್ನೋ ಮುಂದ ನೀವು ಸಣ್ಣಗ ನಗತೀರಲ್ಲ... ಆ ಗೌಸನ್ನ ನೋಡೇ ಏನ್ರಿ?”

ಪೂನಂ ಹೆಸರು ಹೇಳಿರಲಿಲ್ಲ. ಆ ಹಾಡಿನ ಚಿತ್ರದಲ್ಲಿ ಮುಖವೂ ಇರಲಿಲ್ಲ, ಬಳೆ ತೊಟ್ಟ ಕೈ ಮಾತ್ರ ಇತ್ತು. ಆ ನಗುವಂತೂ ಅವಳು ನುಂಗಿದ ನಗು. ಗೌಸನ ಕಿವಿಗೂ ಸಿಕ್ಕಿರಲಿಲ್ಲ, ಹೆತ್ತ ತಾಯಿಗೂ ಸಿಕ್ಕಿರಲಿಲ್ಲ.

“ನಾ ಯಾರಂತ ನಿಮಗ ಹ್ಯಾಂಗ ಗೊತ್ತಾತು?”

“‘ಸ್ಪೀಕರ್ ಹೋಗ್ಯದ’ ಅಂದ್ರಲ್ಲರಿ,” ಎಂದ ಅಜೀತ, ನೆಲದಲ್ಲಿ ಚಿಮಟ ಹುಡುಕುತ್ತ. “ದಿನಾ ಈ ದನಿ ಕೇಳಕೊಂತ ಸ್ಕ್ರೂ ತಿರುವಾಕತ್ತೀನಿ. ಗುರ್ತ ಹತ್ತಂಗಿಲ್ಲೇನ್ರಿ?”

ಅವಳಿಗೆ ನಗು ಬಂತು. ನಗಲಿಲ್ಲ. ಚಂದವಾಗಿ ಮಾತಾಡುವವರನ್ನು ಎರಡು ಸಲ ಅಳೆಯಬೇಕು. ಅವಳು ಅಲ್ಲೇ ನಿಂತು ಸೋಲಾಪುರಕ್ಕೆ ಫೋನು ಹಚ್ಚಿ, ಸ್ಪೀಕರ್ ಮೇಲಿಟ್ಟಳು. ಸ್ಪೀಕರ್ ಹೋಗಿದ್ದ ಫೋನು ಗಂಟೆಯಂತೆ ಮಾತಾಡಿತು. ಅಜೀತ ಅದನ್ನು ನೋಡಿದ, ಅವಳನ್ನು ನೋಡಿದ, ಮೀಸೆಯಲ್ಲೇ ನಕ್ಕ.

“ಸರ್, ನನ್ನ ಹಾಡು ಕೇಳಿದ್ದು ಮಂದಿ ಅಲ್ರಿ,” ಎಂದಳು ಪೂನಂ. “ಹುಮನಾಬಾದದಾಗ ಒಂದು ರಿಪೇರಿ ಅಂಗಡಿ ಅದ. ಫೋನ್ ಟೆಸ್ಟ್ ಮಾಡಾಕ ಹಚ್ಚಿಟ್ಟಾರ.”

ಆ ಕಡೆಯ ಮನುಷ್ಯ ಹೊಟ್ಟೆ ತುಂಬ ನಕ್ಕ. “ಅಷ್ಟೇನಾ ಪೂನಂತಾಯಿ? ಮ್ಯಾಲ ಇದ್ದೋರು ಬರೀ ದನಿಯಿಂದ ಏರ್ಯಾರೇನು? ಒಬ್ಬರು ರೀಲ್ಸಿನವರಿಗಿ ರೊಕ್ಕಾ ಕೊಡ್ತಾರ, ಒಬ್ಬರು ಪ್ಲೇಲಿಸ್ಟಿನವರಿಗಿ ಕೊಡ್ತಾರ. ನಿಮಗ ಫುಕಟ್ಟ ಸಿಕ್ಕದ! ಸುಮ್ಮ ಸಹಿ ಮಾಡ್ರಿ. ಮತ್ತ ಆ ಅಂಗಡಿಯವನ ನಂಬರ್ ಕೊಡ್ರಿ. ನಮ್ಮ ಹಾಡೂ ಹಚ್ಚಲಿ. ಚಲೋ ರೊಕ್ಕಾ ಕೊಡ್ತೀವಿ.”

ಪೂನಂ ಅಜೀತನ ಮುಖ ನೋಡಿದಳು. ಅವನು ಹೂಂ ಎಂದರೆ ಮುಗಿಯಿತು. ಟೇಪಿನ ಕೊನೆಯ ಗೆರೆ ಅದೇ.

ಅಜೀತ ಫೋನಿನ ಕಡೆ ಬಾಗಿದ. “ಆಗಂಗಿಲ್ರಿ ಸಾಹೇಬ್ರ.”

“ಯಾಕ? ರೇಟ್ ಹೇಳು.”

“ಬ್ಯಾರೆ ಹಾಡು ಹಚ್ಚಿದ್ರ ಬ್ಯಾಟರಿ ಇಳಿಯೋತನ ಕುಂದ್ರಾಕ ನನ್ನ ಕೈಲಿ ಆಗಂಗಿಲ್ಲ.”

“ನನ್ನ ಸಹಿನೂ ಆಗಂಗಿಲ್ರಿ,” ಎಂದು ಪೂನಂ ಫೋನು ಕಟ್ ಮಾಡಿದಳು.

ಹೊಲಿಗೆ ಮಶೀನಿನ ಮುಂದೆ ಕೂತು ಎಷ್ಟೋ ದಿನದಿಂದ ಕಂಡ ಕನಸು ಒಂದು ಬೆರಳಿಗೆ ಮುಗಿದುಹೋಗಿತ್ತು.

“ನಿಮ್ಮ ಸ್ಪೀಕರ್ ಎಲ್ಲಾ ಪಾಸ್ ಆದವು,” ಎಂದಳು. “ನನ್ನ ಹಾಡು ಫೇಲ್ ಆತು. ಯಾರೋ ಕೇಳಾಕತ್ತಾರ ಅಂತ ಒಳಗೊಳಗ ಖುಷಿ ಪಟ್ಟಿದ್ದೆ. ಕೇಳಿದ್ದು ಖಾಲಿ ಫೋನು.”

ಅಜೀತ ಕಟ್ಟೆಯ ಮೇಲಿನ ಫೋನುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಹೋದ. ಪೂನಂಗಳು ಒಬ್ಬೊಬ್ಬರಾಗಿ ಸುಮ್ಮನಾದರು. ಕೊನೆಗೆ ಒಂದು ಉಳಿಯಿತು. ಗಾಜು ಬಿರುಕು ಬಿಟ್ಟ ಹಳೆಯ ಫೋನು, ಅವನ ಮೊಣಕೈ ಹತ್ತಿರ, ಮೆಲ್ಲಗೆ ಹಾಡುತ್ತಿತ್ತು.

“ಅದನ್ನೂ ಬಂದ್ ಮಾಡ್ರಿ.”

“ಇದು ಗಿರಾಕಿದಲ್ರಿ, ನಂದು,” ಎಂದ ಅಜೀತ. “ಇದರ ಬ್ಯಾಟರಿ ಚಲೋ ಅದ. ಸ್ಪೀಕರೂ ಚಲೋ ಅದ.”

“ಮತ್ತ್ಯಾಕ ಹಚ್ಚೀರಿ?”

“ನೀವು ಯಾರ್ನ ನೋಡಿ ನಕ್ಕೀರಿ ಅಂತ ತಿಳೀಲಾರದ ಜೀವ ಹೋಗಾಕತ್ತದ್ರಿ.”

ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಪೂನಂ ದುಪಟ್ಟದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಗೌಹರ ಆಪಾ,” ಎಂದಳು. “ಗೌಸ ಭಾಯಿ ಹೆಂಡತಿ. ನಾ ಹಾಡಾಕತ್ತಿದ್ದೆ, ಅಕಿ ಚಹಾದ ಟ್ರೇ ಹಿಡಕೊಂಡು ಬೆಕ್ಕಿನಂಗ ಒಳಗ ಬಂದ್ಲು. ಅಷ್ಟೇ.”

ಅಜೀತ ಬಿಟ್ಟ ನಿಟ್ಟುಸಿರಿಗೆ ಬೇಮಳಖೇಡದ ಹೊಲಗಳಲ್ಲಿ ತೊಗರಿ ತಲೆದೂಗಿತು.

“ಅಷ್ಟೇನಾ?”

“ಅಷ್ಟೇ. ನಿಮಗ ಬಲೇ ಸಂಶಯ ನೋಡ್ರಿ.”

“ನಿಮಗಿಂತ ಕಡಿಮಿ,” ಎಂದು ಅವನು ಅವಳ ಫೋನನ್ನು ಮರಳಿ ಕೊಟ್ಟ. “ರಿಪೇರಿ ಆಗ್ಯದ ತಗೋರಿ.”

ಆಮೇಲೆ ನಡೆದದ್ದು ಇಡೀ ದೇಶಕ್ಕೆ ಗೊತ್ತು. ‘ಕುಸುಬಿ ಹೂವು’ ಸ್ವಂತ ಬಲದ ಮೇಲೆ ಎದ್ದು ಪಟ್ಟಿಯ ತುದಿಗೆ ಏರಿ ಕೂತಿತು. ಆ್ಯಪಿನ ಮಾಲೀಕರು ವಿಮಾನದಲ್ಲಿ ಹುಮನಾಬಾದಕ್ಕೆ ಇಳಿದು ಅಂಗಡಿಯ ಮುಂದೆ ಸಾಲಾಗಿ ನಿಂತು...

ತಡೆಯಿರಿ, ಮೊಬೈಲು ಯಾಕೆ ತೆಗೆದಿರಿ? ಪಟ್ಟಿ ನೋಡುತ್ತೀರಾ?

ಆಯಿತು, ಸಿಕ್ಕಿಬಿದ್ದೆ. ಹಾಡು ಅದೇ ವಾರ ಪಟ್ಟಿಯಿಂದ ಉದುರಿಹೋಯಿತು. ಹುಮನಾಬಾದದಲ್ಲಿ ವಿಮಾನ ಇಳಿಯುವ ಜಾಗವೂ ಇಲ್ಲ. ನಿಜ ಇಷ್ಟೇ: ಪೂನಂ ಇನ್ನೊಂದು ಹಾಡು ಕಟ್ಟಿದ್ದಾಳೆ. ಅದನ್ನು ಎಲ್ಲಿಯೂ ಏರಿಸಿಲ್ಲ, ಗೌಸನಿಗೂ ಕೇಳಿಸಿಲ್ಲ. ಕಳೆದ ರವಿವಾರ ಬಸ್ಸು ಹತ್ತಿ ಬಂದು, ಅಂಗಡಿಯ ಶಟರ್ ಅರ್ಧ ಇಳಿಸಿ, ಯಾವ ಫೋನೂ ಇಲ್ಲದೆ ಬಾಯಿಯಿಂದಲೇ ಹಾಡಿದಳು. ಎರಡನೇ ನುಡಿಗೆ ಬಂದಾಗ ನಕ್ಕಳು. ಈ ಸಲ ಯಾರನ್ನು ನೋಡಿ ಎಂದು ಅಜೀತ ಕೇಳಲಿಲ್ಲ.